ತೆರೆಯ ಮೇಲೆ ಎಲ್ಲವೂ ಬೇಗ ಮುಟ್ಟುತ್ತದೆ

ಬೆಳಗಾವಿಯಲ್ಲಿ ಯುದ್ಧದ ಸಿನಿಮಾ ಬಂದರೆ ಥಿಯೇಟರಿನೊಳಗೆ ಎರಡು ನಮೂನೆಯ ಮಂದಿ ಕೂಡುತ್ತಾರೆ. ಒಂದು ನಮೂನೆಯವರು ಸೀಟಿ ಹೊಡೆಯುತ್ತಾರೆ, ಇನ್ನೊಂದು ನಮೂನೆಯವರು ಎಣಿಸುತ್ತಾರೆ. ಹೀರೊ ಎಷ್ಟು ಗುಂಡು ಹಾರಿಸಿದ, ಗುಂಡು ತುಂಬಿದ ಡಬ್ಬಿಯನ್ನು, ಅಂದರೆ ಮ್ಯಾಗಜಿನ್ನನ್ನು, ಯಾವಾಗ ಬದಲಿಸಿದ, ಹೆಗಲ ಮೇಲಿನ ನಕ್ಷತ್ರ ಎಷ್ಟು, ಸೆಲ್ಯೂಟ್ ಹೊಡೆಯುವಾಗ ತಲೆಯ ಮೇಲೆ ಟೋಪಿ ಇತ್ತೋ ಇಲ್ಲವೋ. ಹಿಂದಿನ ಸಾಲಿನಿಂದ "ಮ್ಯಾಗಜಿನ್ ಐತೋ, ಅಕ್ಷಯಪಾತ್ರೆ ಐತೋ" ಎಂಬ ಗೊಣಗು ಕೇಳಿಸಿದರೆ ಅದು ಎರಡನೇ ನಮೂನೆ ಎಂದು ತಿಳಿಯಬೇಕು.

ಈ ಊರಿಗೆ ಅಂಥ ಚಟ ಹತ್ತಿರುವುದಕ್ಕೆ ಕಾರಣ ದೂರವಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಇಲ್ಲೇ ಇದೆ. ಸಾಂಬ್ರಾದಲ್ಲಿ ವಾಯುಪಡೆ, ಊರೊಳಗೇ ಮಿಲಿಟರಿ ಶಾಲೆ, ಆಚೆ ವಿಜಯಪುರದಲ್ಲಿ 1963ರ ಸೈನಿಕ ಶಾಲೆ. ಕ್ಯಾಂಪಿನ ರಸ್ತೆಯಲ್ಲಿ ಬೆಳಗಿನ ಹೊತ್ತು ಹೋದರೆ 'ಸಾವಧಾನ್', 'ವಿಶ್ರಾಮ್' ಕಿವಿಗೆ ಬೀಳದೆ ಇರುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಪಿಂಚಣಿ ತಂದ ಹವಾಲ್ದಾರರು, ಸುಬೇದಾರರು ಹೊಲ ನೋಡಿಕೊಂಡು ಇದ್ದಾರೆ. ಅವರ ಪಕ್ಕದ ಕುರ್ಚಿಯಲ್ಲಿ ಕೂತು ಯುದ್ಧದ ಸಿನಿಮಾ ನೋಡುವುದೆಂದರೆ ರೈತನ ಪಕ್ಕ ಕೂತು, ಸಿನಿಮಾದ ಹೀರೊ ರಂಟೆ ಹೊಡೆಯುವುದನ್ನು ನೋಡಿದ ಹಾಗೆ.

ಆದರೆ ಈ ತಪ್ಪುಗಳನ್ನು ಒಂದೊಂದಾಗಿ ಹೆಕ್ಕಿ ನಗುವುದು ಸುಲಭದ ಕೆಲಸ. ಹತ್ತಾರು ತಪ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವೆಲ್ಲ ಒಂದೇ ಬೇರಿನಿಂದ ಹುಟ್ಟಿದವು ಅನಿಸುತ್ತದೆ. ಸಿನಿಮಾಕ್ಕೆ ಕಾಯಲು ಬರುವುದಿಲ್ಲ. ಗುಂಡು, ಸದ್ದು, ಮನುಷ್ಯ, ಕಾಗದ, ಸಾವು, ಎಲ್ಲವೂ ತೆರೆಯ ಮೇಲೆ ಬೇಗ ಮುಟ್ಟುತ್ತವೆ. ನಿಜದಲ್ಲಿ ಯಾವುದೂ ಹಾಗೆ ಮುಟ್ಟುವುದಿಲ್ಲ.

ಮ್ಯಾಗಜಿನ್ ಲೆಕ್ಕವನ್ನೇ ಮೊದಲು ಮುಗಿಸಿಬಿಡೋಣ. ಎಕೆ-47ರ ಮ್ಯಾಗಜಿನ್ನಿನಲ್ಲಿ 30 ಗುಂಡು. ಕುದುರೆ (ಟ್ರಿಗರ್) ಒತ್ತಿ ಹಿಡಿದರೆ ಅದು ನಿಮಿಷಕ್ಕೆ ಸುಮಾರು 600ರ ವೇಗದಲ್ಲಿ ಉಗುಳುತ್ತದೆ, ಅಂದರೆ ಸೆಕೆಂಡಿಗೆ ಹತ್ತು. ಮೂರು ಸೆಕೆಂಡಿಗೆ ಮ್ಯಾಗಜಿನ್ ಖಾಲಿ. ಆರು ಮ್ಯಾಗಜಿನ್ ಕಟ್ಟಿಕೊಂಡು ಹೊರಟವನ ಬಳಿಯೂ ಇರುವುದು ಒಟ್ಟು ಹದಿನೆಂಟು ಸೆಕೆಂಡಿನ ಯುದ್ಧ, ಅದರ ತೂಕ ಐದು ಕಿಲೋದ ಹತ್ತಿರ. ಆದ್ದರಿಂದಲೇ ತರಬೇತಿ ಪಡೆದವನು ಒಂದೊಂದೇ ಗುಂಡು ಹಾರಿಸುತ್ತಾನೆ, ಹೆಚ್ಚೆಂದರೆ ಎರಡು ಮೂರು ಗುಂಡಿನ ಚಿಕ್ಕ ಸರ. ಹೀರೊ ನಿಂತಲ್ಲೇ ನಿಂತು ಅರ್ಧ ನಿಮಿಷ ಎಡದಿಂದ ಬಲಕ್ಕೆ ಬೀಸಿದರೆ ಅವನು ಹತ್ತು ಮ್ಯಾಗಜಿನ್ ಮುಗಿಸಿರಬೇಕು, ಒಂದನ್ನೂ ಬದಲಿಸದೆ.

ಯಾವ ಕಾಲಕ್ಕೆ ಯಾವ ಬಂದೂಕು ಎಂಬುದೂ ನೋಡುವ ಸಂಗತಿ. 1962ರ ಚೀನಾ ಯುದ್ಧದಲ್ಲಿ ನಮ್ಮ ಸಾಮಾನ್ಯ ಸಿಪಾಯಿಯ ಕೈಯಲ್ಲಿದ್ದದ್ದು .303 ಬೋಲ್ಟ್ ಬಂದೂಕು. ಹತ್ತು ಗುಂಡು, ಐದೈದರ ಎರಡು ಕ್ಲಿಪ್ಪಿನಿಂದ ಮೇಲಿನಿಂದ ತುಂಬಬೇಕು, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು. ಅಂಥ ದೃಶ್ಯದಲ್ಲಿ ಎಸ್‌ಎಲ್‌ಆರ್, ಅಂದರೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ರೈಫಲ್, ಕಂಡರೆ ಕಲಾ ವಿಭಾಗದವರು ಬಾಡಿಗೆಗೆ ಸಿಕ್ಕಿದ್ದನ್ನು ತಂದಿದ್ದಾರೆ ಎಂದೇ ಅರ್ಥ. 1971ಕ್ಕೆ ಎಸ್‌ಎಲ್‌ಆರ್ ಸರಿ: 7.62 ಮಿ.ಮೀ., 20 ಗುಂಡು, ಕುದುರೆ ಒತ್ತಿದಷ್ಟು ಸಲ ಒಂದೊಂದೇ. ಕಾರ್ಗಿಲ್ ಹೊತ್ತಿಗೆ ನಮ್ಮ ದೇಶದ್ದೇ ಆದ ಇನ್ಸಾಸ್ ರೈಫಲ್ ಹೊಸದಾಗಿ ಬಂದಿತ್ತು. ಆ ಇನ್ಸಾಸ್‌ನಲ್ಲಿ ಒಂದೊಂದೇ ಗುಂಡು, ಇಲ್ಲವೆ ಮೂರರ ಸರ. ಧಾರಾಕಾರ ಎಂಬುದೇ ಇರಲಿಲ್ಲ. ಅದರ ಮ್ಯಾಗಜಿನ್ ಅರೆಪಾರದರ್ಶಕ ಪ್ಲಾಸ್ಟಿಕ್ಕಿನದು, ಒಳಗಿನ ಗುಂಡು ಹೊರಗೆ ಕಾಣುತ್ತದೆ. ಎತ್ತರದ ಚಳಿಗೆ ಅದು ಬಿರುಕು ಬಿಡುತ್ತದೆ ಎಂಬ ದೂರು ಆಗಲೇ ಎದ್ದಿತ್ತು. ಸಿನಿಮಾದ ಇನ್ಸಾಸ್ ಮಾತ್ರ ಬಿರುಕೂ ಬಿಡುವುದಿಲ್ಲ, ಖಾಲಿಯೂ ಆಗುವುದಿಲ್ಲ.

ಶೂಟಿಂಗಿನಲ್ಲಿ ಬಳಸುವ ತೋಟಾ ಖಾಲಿ ತೋಟಾ. ತುದಿಯಲ್ಲಿ ಸೀಸದ ಗುಂಡಿಲ್ಲ, ಹಿತ್ತಾಳೆಯ ಬಾಯನ್ನೇ ಹೂವಿನ ಎಸಳಿನಂತೆ ಮಡಿಚಿರುತ್ತಾರೆ. ಗುಂಡು ಇಲ್ಲದ ಮೇಲೆ ನಳಿಗೆಯೊಳಗೆ ಒತ್ತಡ ನಿಲ್ಲುವುದಿಲ್ಲ, ಒತ್ತಡ ಇಲ್ಲದಿದ್ದರೆ ಮುಂದಿನ ತೋಟಾ ತಾನಾಗಿ ಏರುವುದಿಲ್ಲ. ಅದಕ್ಕೆ ನಳಿಗೆಯ ಬಾಯಿಗೆ ಒಂದು ಅಡೆ ಹಾಕುತ್ತಾರೆ. ಹೀಗೆ ಹಾರಿಸಿದ ಬಂದೂಕು ಬೆಳಕನ್ನೂ ಸದ್ದನ್ನೂ ಕೊಡುತ್ತದೆ, ಒದೆತವನ್ನು ಕೊಡುವುದಿಲ್ಲ. ಆದ್ದರಿಂದ ನಟನ ಭುಜ ನೋಡಬೇಕು. 7.62ರ ಪ್ರತಿ ಗುಂಡಿಗೂ ಭುಜ ಹಿಂದಕ್ಕೆ ಸರಿಯಬೇಕು, ನಳಿಗೆಯ ತುದಿ ಮೇಲಕ್ಕೆ ಏಳಬೇಕು. ಭುಜ ಕದಲದೆ ಬರೀ ಬೆಂಕಿಯ ಹೂ ಅರಳಿದರೆ ಆ ಹೂವನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಂಟಿಸಿರಬಹುದು. ಹಿಂದೆ ಓಡುವ ಜೂನಿಯರ್ ಕಲಾವಿದರ ಕೈಯಲ್ಲಿ ಸಾಮಾನ್ಯವಾಗಿ ರಬ್ಬರಿನದೋ ಕಟ್ಟಿಗೆಯದೋ ಡಮ್ಮಿ. ರಬ್ಬರಿನದಾದರೆ ಓಡುವಾಗ ನಳಿಗೆ ಬಾಳೆದಿಂಡಿನಂತೆ ಕುಣಿಯುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಂದೆ ಅದೇ ಕಾಣುತ್ತದೆ, ಎಚ್ಚರಿಕೆ.

ಇನ್ನು ಸದ್ದು. ಇದು ಬಂದೂಕಿಗಿಂತ ದೊಡ್ಡ ವಿಷಯ.

ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಚಳಿಯಲ್ಲಿ ಇನ್ನೂ ಸ್ವಲ್ಪ ನಿಧಾನ. ಇನ್ಸಾಸ್‌ನ ಗುಂಡು ನಳಿಗೆಯಿಂದ ಹೊರಡುವುದು ಸೆಕೆಂಡಿಗೆ 900 ಮೀಟರ್ ಆಸುಪಾಸಿನಲ್ಲಿ. ಹಾಗಾದರೆ ಆರುನೂರು ಮೀಟರ್ ದೂರದಿಂದ ನಿಮ್ಮ ಕಡೆ ಗುಂಡು ಬಂದರೆ ಅದು ಸುಮಾರು ಒಂದು ಸೆಕೆಂಡಿನಲ್ಲಿ ಮುಟ್ಟುತ್ತದೆ, ಹಾರಿಸಿದ ಸದ್ದು ಮುಟ್ಟಲು ಒಂದೂಮುಕ್ಕಾಲು ಸೆಕೆಂಡು ಬೇಕು. ತಲೆಯ ಮೇಲೆ ಹಾದ ಗುಂಡು ಗಾಳಿ ಸೀಳಿ 'ಚಟ್' ಎನ್ನುತ್ತದೆ, ಆಮೇಲೆ ದೂರದಿಂದ 'ಧಪ್' ಬರುತ್ತದೆ. ಈ ಎರಡರ ನಡುವಿನ ಅಂತರ ಎಣಿಸಿ ವೈರಿ ಎಷ್ಟು ದೂರದಲ್ಲಿದ್ದಾನೆ ಎಂದು ಅಂದಾಜು ಕಟ್ಟುವುದನ್ನು ಸಿಪಾಯಿಗಳಿಗೆ ಕಲಿಸುತ್ತಾರೆ. ಸಿನಿಮಾದಲ್ಲಿ ಬೆಂಕಿ, ಸದ್ದು, ಎದೆಯ ರಕ್ತ ಮೂರೂ ಒಂದೇ ಕ್ಷಣಕ್ಕೆ. ಒಂದು ಕಿಲೋಮೀಟರ್ ಆಚೆಗಿನ ಗುಡ್ಡದ ಮೇಲೆ ಬಾಂಬು ಬಿದ್ದರೂ ಹೊಳಪಿನ ಜತೆಗೇ 'ಢಂ'. ನಿಜಕ್ಕೆ ಹೊಳಪು ಕಂಡ ಮೇಲೆ ಒಂದು, ಎರಡು, ಮೂರು ಎಣಿಸಬೇಕು. ಮಳೆಗಾಲದ ಮಿಂಚು ಗುಡುಗು ನೋಡಿದ ಯಾವ ಮಗುವಿಗೂ ಇದು ಗೊತ್ತು, ಎಡಿಟಿಂಗ್ ಟೇಬಲ್ಲಿಗೆ ಮಾತ್ರ ಗೊತ್ತಿಲ್ಲ.

ಸದ್ದಿನ ಗಾತ್ರದ ಮಾತು ಬೇರೆ. ಕಿವಿಯ ಬಳಿ ಹಾರಿದ ರೈಫಲ್ಲಿನ ಸದ್ದು 155 ಡೆಸಿಬೆಲ್‌ಗಿಂತ ಮೇಲೆ ಏರುತ್ತದೆ. ಥಿಯೇಟರಿನ ಒಂದು ಸ್ಪೀಕರ್ ಸಾಲು ಸರಿಯಾಗಿ ಹೊಂದಿಸಿದಾಗ ಕೊಡುವ ಗರಿಷ್ಠ ಸದ್ದು 105. ನಡುವಿನ ಐವತ್ತು ಡೆಸಿಬೆಲ್ ಸಣ್ಣ ಅಂತರವಲ್ಲ, ಪ್ರತಿ ಹತ್ತಕ್ಕೂ ಶಕ್ತಿ ಹತ್ತು ಪಟ್ಟಾಗುತ್ತದೆ. ನಿಜವಾದ ಸದ್ದು ಕೊಟ್ಟರೆ ಪ್ರೇಕ್ಷಕರು ಕಿವುಡಾಗಿ ಮನೆಗೆ ಹೋಗುತ್ತಾರೆ. ವಿಜಯಪುರದ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ನಾಲ್ಕೂವರೆ ಮೀಟರ್ ಹತ್ತಿರ ಉದ್ದ, 55 ಟನ್ ತೂಕ. ಅದಕ್ಕೆ ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ಹೊಂಡಕ್ಕೆ ಜಿಗಿಯುತ್ತಿದ್ದ ಎಂದು ಅಲ್ಲಿಯ ಮಂದಿ ಹೇಳುತ್ತಾರೆ. ಕತೆ ನಿಜವೋ ಕಟ್ಟಿದ್ದೋ, ಕಟ್ಟಿದವನಿಗೆ ತೋಪಿನ ಸ್ವಭಾವ ಗೊತ್ತಿತ್ತು. ನಮ್ಮ ಹೀರೊ ಬೋಫೋರ್ಸ್ ತೋಪಿನ ಪಕ್ಕ ನಿಂತು ಪಿಸುಮಾತಿನಲ್ಲಿ ಹೆಂಡತಿಯ ನೆನಪು ಹೇಳುತ್ತಾನೆ.

ಸ್ಫೋಟದ ಬಣ್ಣವೂ ಸುಳ್ಳೇ. ತೆರೆಯ ಮೇಲೆ ಕಿತ್ತಳೆ ಬಣ್ಣದ ಬೆಂಕಿಯ ಚೆಂಡು ಉರುಳುತ್ತಾ ಮೇಲೇರುತ್ತದಲ್ಲ, ಅದು ಪೆಟ್ರೋಲಿನ ಕೆಲಸ. ನಿಜವಾದ ಶೆಲ್ಲು ಬಿದ್ದಲ್ಲಿ ಒಂದು ಕ್ಷಣದ ಹೊಳಪು, ಆಮೇಲೆ ಬೂದು ಕಂದು ಮಣ್ಣಿನ ಕಾರಂಜಿ, ಕಪ್ಪು ಹೊಗೆ. ಕೊಲ್ಲುವುದು ಬೆಂಕಿಯಲ್ಲ, ಕಣ್ಣಿಗೆ ಕಾಣದ ಲೋಹದ ಚೂರು. ಕೈಬಾಂಬಿನ ಮಾತೂ ಹಾಗೇ. ಬಹುಕಾಲ ನಮ್ಮ ಸೈನ್ಯದಲ್ಲಿದ್ದ 36 ನಂಬರಿನ ಗ್ರೆನೇಡು ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ. ಒಳ್ಳೆಯ ತೋಳಿನವನು ಇಪ್ಪತ್ತೈದು ಮೂವತ್ತು ಮೀಟರ್ ಎಸೆಯಬಹುದು. ಪಿನ್ ಎಳೆದ ಮೇಲೂ ಲಿವರ್ ಹಿಡಿದಿರುವವರೆಗೆ ಏನೂ ಆಗುವುದಿಲ್ಲ. ಲಿವರ್ ಹಾರಿದ ಮೇಲೆ ನಾಲ್ಕು ಸೆಕೆಂಡು. ಆ ಪಿನ್ನಿನ ತುದಿ ಅಗಲಿಸಿ ಬಾಗಿಸಿರುತ್ತಾರೆ, ಬೆರಳು ಹಾಕಿ ಜೋರಾಗಿ ತಿರುಚಿ ಎಳೆಯಬೇಕು. ಹಲ್ಲಿನಿಂದ ಎಳೆದರೆ ಬರುವುದು ಪಿನ್ ಅಲ್ಲ, ಹಲ್ಲು. ಸಿನಿಮಾದಲ್ಲಿ ಸಮಯ ಹಿಗ್ಗುವುದೂ ಇಂಥ ಕಡೆಯೇ: ಆ ನಾಲ್ಕು ಸೆಕೆಂಡಿನಲ್ಲಿ ಗೆಳೆಯನನ್ನು ತಳ್ಳಿ, ತಾನು ಗ್ರೆನೇಡಿನ ಮೇಲೆ ಬಿದ್ದು, ಊರಿನ ಹೊಳೆ ನೆನೆಸಿಕೊಂಡು, ಒಂದು ಪಲ್ಲವಿಯನ್ನೂ ಮುಗಿಸಬಹುದು. ನೆಲಬಾಂಬಿನ ಮೇಲೆ ಕಾಲಿಟ್ಟಾಗ 'ಟಿಕ್' ಎಂದು, ಕಾಲೆತ್ತುವವರೆಗೆ ಸುಮ್ಮನಿರುವ ದೃಶ್ಯ ಇನ್ನೊಂದು. ಮನುಷ್ಯರಿಗೆಂದು ಹೂತ ಸಾಮಾನ್ಯ ಒತ್ತುಬಾಂಬು ಕಾಲಿಟ್ಟ ಕ್ಷಣಕ್ಕೇ ಸಿಡಿಯುತ್ತದೆ, ಮಾತಿಗೆ ಬಿಡುವು ಕೊಡುವುದಿಲ್ಲ.

ತೋಪಿನ ದಳದವರಿಗಂತೂ ಸಿನಿಮಾ ಪೂರಾ ಅನ್ಯಾಯ ಮಾಡಿದೆ. ಕಾರ್ಗಿಲ್‌ನಲ್ಲಿ ನಮ್ಮ ತೋಪುಗಳು ಎರಡೂವರೆ ಲಕ್ಷಕ್ಕೂ ಹೆಚ್ಚು ಸುತ್ತು ಹಾರಿಸಿದವು. 155 ಮಿ.ಮೀ. ಬೋಫೋರ್ಸ್ ಶೆಲ್ಲು ಒಂದೊಂದೂ ನಲವತ್ತು ಕಿಲೋ ಮೀರಿದ್ದು, ಸಿಮೆಂಟಿನ ಚೀಲಕ್ಕಿಂತ ತುಸುವೇ ಕಡಿಮೆ ತೂಕ. ತೋಪಿನವನಿಗೆ ಗುರಿ ಕಾಣುವುದಿಲ್ಲ, ಸಾಮಾನ್ಯವಾಗಿ ನಡುವೆ ಗುಡ್ಡವಿರುತ್ತದೆ. ಗುರಿ ಕಾಣುವವನು ಮುಂದೆ ಪದಾತಿಯವರ ಜತೆ ಬಂಡೆಯ ಹಿಂದೆ ಮಲಗಿರುವ ವೀಕ್ಷಕ ಅಧಿಕಾರಿ. ಅವನು ರೇಡಿಯೋದಲ್ಲಿ ಜಾಗ ಹೇಳುತ್ತಾನೆ, ಒಂದು ಶೆಲ್ಲು ಬರುತ್ತದೆ. ಇಪ್ಪತ್ತು ಕಿಲೋಮೀಟರ್ ಆದರೆ ಹಾರಿದ್ದು ಬೀಳಲು ಮುಕ್ಕಾಲು ನಿಮಿಷದ ಆಸುಪಾಸು. ಅದು ಗುರಿಗಿಂತ ಈಚೆ ಬಿದ್ದದ್ದು ನೋಡಿ 'ಆಡ್ 200', ಅಂದರೆ ಇನ್ನೂರು ಮೀಟರ್ ಮುಂದೆ, ಎನ್ನುತ್ತಾನೆ, ಇನ್ನೊಂದು ಬರುತ್ತದೆ. ದಾಟಿತು, 'ಡ್ರಾಪ್ 100'. ಹೀಗೆ ಹಿಂದೆ ಮುಂದೆ ಕತ್ತರಿಸುತ್ತಾ ಗುರಿ ಸಿಕ್ಕ ಮೇಲೆ ಎಲ್ಲ ತೋಪುಗಳಿಗೂ ಒಟ್ಟಿಗೆ ಹುಕುಂ. ಈ ಆಟದಲ್ಲಿ ಇರುವ ಉಸಿರು ಬಿಗಿಹಿಡಿಯುವ ಕಾತರವನ್ನು ಯಾವ ನಿರ್ದೇಶಕನಾದರೂ ಪೂರ್ತಿ ಬಳಸಿಕೊಂಡರೆ ಹತ್ತು ನಿಮಿಷದ ಒಳ್ಳೆಯ ದೃಶ್ಯ ಆಗುತ್ತದೆ. ನೋಡಸಿಗುವುದು ಮಾತ್ರ "ಫೈರ್!" ಎಂಬ ಒಂದು ಕೂಗು, ಮರುಕ್ಷಣ ವೈರಿಯ ಬಂಕರ್ ಚೂರು. ರೇಡಿಯೋದಲ್ಲಿ 'ಓವರ್ ಆಂಡ್ ಔಟ್' ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. 'ಓವರ್' ಅಂದರೆ ನನ್ನ ಮಾತು ಮುಗಿಯಿತು, ನಿನ್ನದು ಹೇಳು. 'ಔಟ್' ಅಂದರೆ ಮಾತುಕತೆಯೇ ಮುಗಿಯಿತು. ಎರಡನ್ನೂ ಕೂಡಿಸಿ ಹೇಳುವುದು, "ಬರ್ರಿ ಕೂಡ್ರಿ" ಎನ್ನುತ್ತಲೇ ಬಾಗಿಲು ಹಾಕಿಕೊಂಡ ಹಾಗೆ.

ಎಲ್ಲಕ್ಕಿಂತ ಹೆಚ್ಚು ಮೊಟಕಾಗುವುದು ಗುಡ್ಡ ಹತ್ತುವ ಹೊತ್ತು. ಕಾರ್ಗಿಲ್ ಯುದ್ಧದ ತೋಲೋಲಿಂಗ್ ಶಿಖರದ ಉದಾಹರಣೆ ತೆಗೆದುಕೊಳ್ಳಿ. ದ್ರಾಸ್ ಊರು ಇರುವುದೇ 3,200 ಮೀಟರಿಗಿಂತ ಮೇಲೆ. ಮೇಲಿನ ಗುರಿಗಳಲ್ಲೊಂದರ ಹೆಸರೇ ಪಾಯಿಂಟ್ 4590, ಅದು ಮೀಟರಿನಲ್ಲಿ ಅದರ ಎತ್ತರ. 1999ರ ಮೇ ಮೂರನೇ ವಾರದ ಹೊತ್ತಿಗೆ ಶುರುವಾದ ಪ್ರಯತ್ನ ಫಲ ಕೊಟ್ಟದ್ದು ಜೂನ್ 13ಕ್ಕೆ. ಮೂರು ವಾರಕ್ಕೂ ಮೇಲೆ. ಕೊನೆಗೆ ಅದನ್ನು ಗೆದ್ದ 2 ರಜಪುತಾನಾ ರೈಫಲ್ಸ್ ಪಲ್ಟನ್ನನ್ನು ಮುನ್ನಡೆಸಿದವರು ನಮ್ಮ ಕನ್ನಡಿಗ ಎಂ.ಬಿ. ರವೀಂದ್ರನಾಥ್, ಅವರಿಗೆ ವೀರ ಚಕ್ರ ಬಂತು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚಷ್ಟೆ. ಬೆಳಗಾವಿ ಇರುವುದು 750 ಮೀಟರ್ ಹತ್ತಿರ. ಇಲ್ಲಿಯ ರಾಜಹಂಸಗಡ ಹತ್ತುವಾಗಲೇ ಮಾತು ತುಂಡಾಗುತ್ತದೆ. ಅಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೋ ಹೊರೆ ಹೊತ್ತು, ರಾತ್ರಿ, ಹಗ್ಗ ಹಿಡಿದು, ಸದ್ದು ಮಾಡದೆ ಹತ್ತಬೇಕು.

ಬಯಲಿನಿಂದ ಹೋದವನನ್ನು ನೇರ ಮೇಲಕ್ಕೆ ಕಳಿಸುವುದೂ ಇಲ್ಲ. 9,000 ಅಡಿಯಿಂದ 12,000 ಅಡಿಯ ನಡುವೆ ಆರು ದಿನ, ಮುಂದೆ 15,000 ಅಡಿವರೆಗೆ ನಾಲ್ಕು ದಿನ, ಅದರ ಮೇಲೆ ಹೋಗಬೇಕಾದರೆ ಮತ್ತೆ ನಾಲ್ಕು ದಿನ, ದೇಹ ಒಗ್ಗುವುದಕ್ಕೆ. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ವೈರಿಯ ಗುಂಡೇ ಬೇಕಿಲ್ಲ. ಸಿನಿಮಾದಲ್ಲಿ ಮದುವೆ ಮಂಟಪದಿಂದ ತಂತಿ ನೋಡಿ ಎದ್ದವನು ಮುಂದಿನ ಶಾಟಿನಲ್ಲಿ ಶಿಖರದ ಮೇಲೆ ಇರುತ್ತಾನೆ. ಇರಲಿ. ಆದರೆ ಅಲ್ಲಿ ಓಡುತ್ತಾ ಎರಡು ಪುಟದ ಡೈಲಾಗ್ ಹೇಳುತ್ತಾನಲ್ಲ, ಅದಕ್ಕೇ ಹಿಂದಿನ ಸಾಲು ಕೆಮ್ಮುವುದು. ಬಾಯಿಂದ ಹಬೆ ಬರುತ್ತಿದೆಯೋ ಇಲ್ಲವೋ ಅದನ್ನೂ ನೋಡಬೇಕು. ಸುತ್ತ ಹಿಮ, ಉಸಿರಿಗೆ ಹಬೆಯಿಲ್ಲ ಎಂದರೆ ಆ ಹಿಮ ಸ್ಟುಡಿಯೋದ್ದು.

ಗುಡ್ಡದಲ್ಲಿ ಮೇಲಿರುವವನಿಗೆ ಎಲ್ಲ ಅನುಕೂಲ. ಬಯಲಲ್ಲಿ ಒಬ್ಬನ ಮೇಲೆ ಮೂವರು ಎಂಬುದು ದಾಳಿಯ ಹಳೆಯ ಲೆಕ್ಕವಾದರೆ ಪರ್ವತದಲ್ಲಿ ಆರು, ಒಂಬತ್ತು ಎನ್ನುತ್ತಾರೆ. ಸಿನಿಮಾ ಇದನ್ನು ತಲೆಕೆಳಗು ಮಾಡಿ ಒಬ್ಬನಿಂದ ಒಂಬತ್ತು ಮಂದಿಯನ್ನು ಕೊಲ್ಲಿಸುತ್ತದೆ.

ಗಾಯಗೊಂಡವನ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ತೆರೆಯ ಮೇಲೆ ಗುಂಡು ತಾಗಿದವನು ಒಂದೋ ತಕ್ಷಣ ಸಾಯುತ್ತಾನೆ, ಇಲ್ಲವೆ ಕೊನೆಯ ಮಾತು ಹೇಳಿ ಸಾಯುತ್ತಾನೆ. ನಡುವಿನ ದೊಡ್ಡ ಪ್ರದೇಶವೊಂದು ಕಾಣಿಸುವುದೇ ಇಲ್ಲ. ಪ್ರತಿಯೊಬ್ಬ ಸಿಪಾಯಿಯ ಜೇಬಿನಲ್ಲಿ ಒಂದು ಬ್ಯಾಂಡೇಜು ಪೊಟ್ಟಣ ಇರುತ್ತದೆ. ಅದನ್ನು ಒತ್ತಿ ಕಟ್ಟುವುದು, ಕೈಕಾಲಾದರೆ ಮೇಲೆ ಬಿಗಿಯುವುದು, ಇಷ್ಟು ಪಕ್ಕದವನ ಕೆಲಸ. ಆಮೇಲೆ ಅವನನ್ನು ಕೆಳಗೆ ತರಬೇಕು. ಒಂದು ಸ್ಟ್ರೆಚರಿಗೆ ನಾಲ್ಕು ಮಂದಿ. ಕಡಿದಾದ ಇಳಿಜಾರಿನಲ್ಲಿ ಕೈ ಬದಲಿಸಲು ಮತ್ತೆ ನಾಲ್ಕು. ಹತ್ತು ಜನರ ಒಂದು ಸೆಕ್ಷನ್ನಿನಲ್ಲಿ ಇಬ್ಬರಿಗೆ ಗಾಯವಾದರೆ ಉಳಿದವರೆಲ್ಲ ಹೊರುವುದರಲ್ಲೇ ಮುಗಿದರು. ಆದ್ದರಿಂದ ದಾಳಿ ನಡೆಯುವಾಗ ಗಾಯಾಳುವಿನ ಬಳಿ ನಿಲ್ಲಬಾರದು, ಮುಂದೆ ಹೋಗಬೇಕು ಎಂಬ ಕಠಿಣ ನಿಯಮ. ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುವ ದೃಶ್ಯ ಬರೆದವರಿಗೆ, ಅವನನ್ನು ಅಲ್ಲೇ ಬಿಟ್ಟು ಮುಂದೆ ಹೆಜ್ಜೆ ಇಡುವುದು ಅದಕ್ಕಿಂತ ದೊಡ್ಡ ದೃಶ್ಯ ಎಂದು ಹೊಳೆಯಲಿಲ್ಲವೇ ಎಂಬುದು ನನ್ನ ಹಳೆಯ ತಕರಾರು.

ಸೆಲ್ಯೂಟು, ನಕ್ಷತ್ರಗಳ ಮಾತು ಚಿಕ್ಕದಾಗಿ. ಭೂಸೇನೆಯ ಸೆಲ್ಯೂಟಿಗೆ ಅಂಗೈ ಎದುರಿನವನಿಗೆ ಪೂರ್ತಿ ಕಾಣಬೇಕು, ನೌಕಾಪಡೆಯದು ನೆಲದ ಕಡೆ, ವಾಯುಪಡೆಯದು 2006ರಿಂದ ಎರಡರ ನಡುವೆ ಓರೆ. ಬರಿದಲೆಯಲ್ಲಿ ಸೆಲ್ಯೂಟ್ ಇಲ್ಲ, ಸಾವಧಾನಕ್ಕೆ ಬಂದು 'ಜೈ ಹಿಂದ್'. ಲೆಫ್ಟಿನೆಂಟಿಗೆ ಎರಡು ನಕ್ಷತ್ರ, ಕ್ಯಾಪ್ಟನ್ನಿಗೆ ಮೂರು, ಮೇಜರಿಗೆ ಅಶೋಕ ಸಿಂಹ. ಸುಬೇದಾರನಿಗೂ ಎರಡು ನಕ್ಷತ್ರ, ಆದರೆ ಜತೆಗೆ ಪಟ್ಟಿ ಇರುತ್ತದೆ. ಪಟ್ಟಿ ಮರೆತರೆ ಸುಬೇದಾರ ರಾತ್ರೋರಾತ್ರಿ ಲೆಫ್ಟಿನೆಂಟ್ ಆಗಿಬಿಡುತ್ತಾನೆ. ಇಪ್ಪತ್ತೆರಡರ ಲೆಫ್ಟಿನೆಂಟ್ ಐವತ್ತರ ಹತ್ತಿರದ ಸುಬೇದಾರನಿಗೆ ಹೆಸರು ಹಿಡಿದು ಗದರುವುದು ಕಂಡರೆ ನಿವೃತ್ತರಿಗೆ ಮೈ ಉರಿಯುತ್ತದೆ. ಹುದ್ದೆಯಲ್ಲಿ ಹುಡುಗ ದೊಡ್ಡವನಾದರೂ ಸುಬೇದಾರನನ್ನು ಕರೆಯುವುದು 'ಸಾಹೇಬ್' ಎಂದೇ.

ವೈರಿಯೇ ಇಲ್ಲದ ಯುದ್ಧವನ್ನು ಸಿನಿಮಾ ಮುಟ್ಟುವುದು ಅಪರೂಪ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ, 19,600 ಅಡಿ ಎತ್ತರದಲ್ಲಿ, ಹಿಮ ಕುಸಿದು 19 ಮದ್ರಾಸ್ ಪಲ್ಟನ್ನಿನ ಹತ್ತು ಮಂದಿ ಹೂತುಹೋದರು. ಆರನೇ ದಿನ ಜೀವಂತ ಸಿಕ್ಕವರು ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಫೆಬ್ರುವರಿ 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಒಂದು ವಾರ ಈ ಭಾಗದ ಮನೆಗಳಲ್ಲಿ ಟಿವಿ ಆರಲಿಲ್ಲ. ಅಲ್ಲಿ ಗುಂಡೂ ಇಲ್ಲ, ಘೋಷಣೆಯೂ ಇಲ್ಲ. ಸುಮ್ಮನೆ ಹಿಮ ಅಗೆಯುವುದು, ಕಾಯುವುದು.

ಕಾಗದಗಳೂ ಕಾಯುತ್ತಿದ್ದವು. ಮೊಬೈಲಿಗೆ ಮುಂಚಿನ ಕಾಲದ ಯುದ್ಧ ತೋರಿಸುವ ಸಿನಿಮಾದಲ್ಲಿ ಕಾಗದ ಓದುವ ಹಾಡು ಇದ್ದೇ ಇರುತ್ತದೆ, ಅದು ಸರಿಯಾದ ಹೊತ್ತಿಗೇ, ಇಂಟರ್‌ವಲ್‌ಗೆ ಮುಂಚೆ, ಬಂದು ಮುಟ್ಟುತ್ತದೆ. '56 ಎಪಿಓ' ಎಂಬ ಸೈನ್ಯದ ಅಂಚೆ ಕಚೇರಿಯ ವಿಳಾಸ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಅಂಚೆಯವರಿಗೆ ಬಾಯಿಪಾಠ. ಸಿಪಾಯಿ ಎಲ್ಲಿದ್ದಾನೆ ಎಂಬುದು ಆ ವಿಳಾಸದಿಂದ ತಿಳಿಯುವುದಿಲ್ಲ, ತಿಳಿಯಬಾರದೆಂದೇ ಅದು ಇರುವುದು. ಕಾಗದ ಗುಡ್ಡದಿಂದ ಇಳಿದು, ಚೀಲದಿಂದ ಚೀಲಕ್ಕೆ ದಾಟಿ ಮನೆಗೆ ಬರುವಷ್ಟರಲ್ಲಿ ಅದರೊಳಗಿನ ಸುದ್ದಿ ಹಳತು. ತಂತಿ ಕಾಗದಕ್ಕಿಂತ ವೇಗ. ಕೆಟ್ಟ ಸುದ್ದಿ ಮೊದಲು ಬಂದು, "ನಾನು ಆರಾಮ ಅದೀನಿ" ಎಂಬ ಕಾಗದ ಆಮೇಲೆ ಬರುವ ವ್ಯವಸ್ಥೆ ಅದು.

ಕೊನೆಯ ಯಾತ್ರೆಯನ್ನು ಮಾತ್ರ ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಶ್ರದ್ಧೆಯಿಂದ ತೋರಿಸುತ್ತವೆ, ಒಂದು ಕಡೆ ಬಿಟ್ಟು. ಧ್ವಜವನ್ನು ಕೇಸರಿ ತಲೆಯ ಕಡೆ ಬರುವಂತೆ ಹೊದಿಸುತ್ತಾರೆ. ಬಂದೂಕುಗಳು 'ಶೋಕ ಶಸ್ತ್ರ'ಕ್ಕೆ ತಲೆಕೆಳಗಾಗುತ್ತವೆ, ಗಾಳಿಯಲ್ಲಿ ಗುಂಡು ಹಾರುತ್ತದೆ, ಬ್ಯೂಗಲ್ 'ಲಾಸ್ಟ್ ಪೋಸ್ಟ್' ನುಡಿಸುತ್ತದೆ. ಆದರೆ ಧ್ವಜ ಚಿತೆಗಾಗಲಿ ಮಣ್ಣಿಗಾಗಲಿ ಹೋಗಬಾರದು. ಮೊದಲೇ ತೆಗೆದು, ಮಡಿಚಿ, ಮನೆಯವರ ಕೈಗೆ ಕೊಡುತ್ತಾರೆ. ಮಡಿಚುವುದಕ್ಕೆ ಹೊತ್ತು ಹಿಡಿಯುತ್ತದೆ, ಯಾರೂ ಅವಸರ ಮಾಡುವುದಿಲ್ಲ. ಎಡಿಟರು ಕತ್ತರಿ ಹಾಕುವುದು ಅಲ್ಲೇ.

ಹಿಂದಿನ ಸಾಲಿನವರಿಗೆ ಹಿಡಿಸಿದ ದೃಶ್ಯ ಯಾವುದು ಎಂದು ಆಟ ಬಿಟ್ಟ ಮೇಲೆ ಕೇಳಿ ನೋಡಿ. ಕ್ಲೈಮ್ಯಾಕ್ಸ್ ಹೇಳುವವರು ಕಡಿಮೆ. ಕತ್ತಲಲ್ಲಿ ಒಬ್ಬ ಕಾವಲಿಗೆ ನಿಂತಿರುತ್ತಾನೆ, ಎರಡು ತಾಸಿನ ಪಾಳಿ, ಏನೂ ನಡೆಯುವುದಿಲ್ಲ. ಎಲ್ಲೋ ಕಲ್ಲು ಉರುಳಿದ ಸದ್ದು. "ಥಮ್! ಹುಕುಂದಾರ್?" ಎನ್ನುತ್ತಾನೆ. ಅದು 'ಹೂ ಕಮ್ಸ್ ದೇರ್' ಎಂಬ ಇಂಗ್ಲಿಷ್ ಕೂಗು ನಮ್ಮ ಸಿಪಾಯಿಗಳ ಬಾಯಲ್ಲಿ ತಿರುಗಿ ತಿರುಗಿ ಆದ ಮಾತು. ಉತ್ತರ ಬರುವುದಿಲ್ಲ. ಅವನು ಮತ್ತೆ ನಿಂತುಕೊಳ್ಳುತ್ತಾನೆ. "ಇದೊಂದು ಖರೇ ತಗದಾರ ನೋಡ್ರಿ" ಎಂದು ಒಬ್ಬರು ಹೇಳಿ, ಗಾಡಿ ಸ್ಟ್ಯಾಂಡಿನಲ್ಲಿ ಚೀಟಿ ಹುಡುಕತೊಡಗುತ್ತಾರೆ.